ಇನ್ನು ಮೂರು ಉಳಿದಿವೆ ಅಂದ ಮಂಜುನಿಗೆ

ಹುಬ್ಬಳ್ಳಿ

ಚಿ. ಮಂಜುನಾಥನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಮನೆಯ ಸುದ್ದಿಯೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಮತ್ತೆ ಬರೆಯುವುದಿಲ್ಲ. ನಿನ್ನ ಅಪ್ಪನ ಕೊನೆಯ ಆರು ತಿಂಗಳ ಮಾತೂ ಬೇಡ. ಆ ವಾರ್ಡಿನಲ್ಲಿ ನೀನೂ ಇದ್ದೆ, ನಾನೂ ಇದ್ದೆ.

ಮೂರು ಪುಟದ ಪತ್ರದಲ್ಲಿ ಒಂದೇ ಸಾಲು ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. "ಕಾಕಾ, ಇನ್ನ ಮೂರ ಉಳದಾವ. ಅವು ಮುಗದ ಮ್ಯಾಲೆ ಸಿಗದಿದ್ರ ನಾ ಮತ್ತ ಸಿಗರೇಟಿಗೆ ಹೋಗಿಬಿಡ್ತೀನೇನೋ ಅಂತ ಅಂಜಿಕಿ ಆಗ್ತದ." ಸಿಗರೇಟು ಬಿಡಲು ನೀನು ಹಿಡಿದ ವೇಪು, ಆ ಬ್ಯಾಟರಿಯ ಇ-ಸಿಗರೇಟು, ಇನ್ನು ಮೂರೇ ಉಳಿದಿವೆ ಅಂತ. ಉಳಿದ ಕಡೆ ನೀನು ಅದನ್ನು ನಿಷೇಧಿಸಿದ ಸರ್ಕಾರದ ಮೇಲೆ ಸಿಟ್ಟಾಗಿದ್ದೀಯ, ಅಂಕಿ ಕೊಟ್ಟಿದ್ದೀಯ, ವಾದ ಮಾಡಿದ್ದೀಯ. ಎಲ್ಲ ಓದಿದೆ. ಆದರೆ ಕಣ್ಣು ತಿರುತಿರುಗಿ ಆ ಸಾಲಿಗೇ ಹೋಗುತ್ತಿತ್ತು.

ಈ ಎಣಿಕೆ ನನಗೆ ಗೊತ್ತು, ಮಂಜು. ಅಣ್ಣ ರಾತ್ರಿ ಊಟ ಆದಮೇಲೆ ಬೀಡಿ ಕಟ್ಟು ಬಿಚ್ಚಿ ಅಂಗೈ ಮೇಲೆ ಸುರುವಿಕೊಳ್ಳುತ್ತಿದ್ದ. ಬೆಳಗಿನವರೆಗೆ ಸಾಕಾಗುತ್ತವೋ ಇಲ್ಲವೋ ನೋಡಬೇಕು. ಹೆಬ್ಬೆರಳಿನಿಂದ ಒಂದೊಂದೇ ಸರಿಸುತ್ತಾ ತುಟಿಯಲ್ಲೇ ಎಣಿಸುತ್ತಿದ್ದ. ಐದಕ್ಕಿಂತ ಕಡಿಮೆ ಇದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದ. ಮಳೆ ಇರಲಿ, ಮೈಯಲ್ಲಿ ಜ್ವರ ಇರಲಿ. ಸಾಕಷ್ಟು ಇದ್ದರೆ ದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದ. ಸೇದುವುದಕ್ಕಿಂತ ಜಾಸ್ತಿ ಆ ಎಣಿಸುವುದೇ ಅವನನ್ನು ಸುಸ್ತು ಮಾಡುತ್ತಿತ್ತು ಅಂತ ನನಗೆ ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಸಿಗರೇಟು ಮೂಲೆಮೂಲೆಯ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಬಿಡಿಸಿದ ವೇಪಿಗೆ ಮಾತ್ರ ನಿಷೇಧ, ಇದ್ಯಾವ ನ್ಯಾಯ ಅಂತ ಕೇಳಿದ್ದೀಯ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2015ರಲ್ಲಿ ಇದರ ಹಾನಿ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಅಂತ ಅಂದಾಜು ಹೇಳಿದ್ದನ್ನು ಬರೆದಿದ್ದೀಯ. ಇದನ್ನು 2003ರಲ್ಲಿ ಮಾಡಿದ ಚೀನಾದ ಹೊನ್ ಲಿಕ್ ಔಷಧಿ ಕೆಲಸದವನು, ಅವನ ಅಪ್ಪ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಅಂತಲೂ ಬರೆದಿದ್ದೀಯ. ಅದನ್ನು ಯಾಕೆ ಬರೆದೆ ಅಂತ ನನಗೆ ತಿಳಿಯಿತು, ತಮ್ಮಾ. ಅಲ್ಲಿ ಪತ್ರ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಿನ್ನ ಸಿಟ್ಟು ಸುಳ್ಳಲ್ಲ. ಪ್ಯಾಕಿನ ಶೇ. 85 ಭಾಗ ಕ್ಯಾನ್ಸರಿನ ಚಿತ್ರ ಹಾಕಿಸಿ ಅದೇ ಪ್ಯಾಕು ಮಾರಲು ಬಿಟ್ಟಿದ್ದಾರೆ. ವರ್ಷಗಟ್ಟಲೆ ಅದನ್ನು ಮಾರಿದವನು ನಾನು. ಆ ಚಿತ್ರದ ಮೇಲೆ ಹೆಬ್ಬೆರಳಿಟ್ಟೇ ಗಿರಾಕಿಗೆ ಕೊಡುತ್ತಿದ್ದೆ.

ಆದರೆ ಹೋದ ಪಂಚಮಿ ನೆನಪು ಮಾಡಿಕೋ. ನೀನು ಮಾಳಿಗೆ ಮೇಲೆ ಹೋಗಿದ್ದೆ. ಶ್ರಾವಣದಲ್ಲಿ ಮಾವಿನಹಣ್ಣಿನ ವಾಸನೆ ಎಲ್ಲಿಂದ ಬಂತು ಅಂತ ನಿನ್ನ ಕಾಕಿ ಅಡಿಗೆಮನೆಯಿಂದಲೇ ಕೇಳಿದಳು. ನಾನು ಮೇಲೆ ಬಂದಾಗ ಆ ಪೆನ್ನಿನಂಥದ್ದು ನಿನ್ನ ಕೈಯಲ್ಲಿತ್ತು, ತುದಿಯಲ್ಲಿ ನೀಲಿ ದೀಪ. ನಿನ್ನ ಪಕ್ಕದಲ್ಲಿ ನಮ್ಮ ಮೊಮ್ಮಗ ನಿಂತಿದ್ದ. ಒಂಬತ್ತು ವರ್ಷದವನು. "ನನಗೂ ಕೊಡೋ ಮಾಮಾ, ವಾಸನಿ ಚಲೋ ಐತಿ" ಅಂದ. ನೀನು ತಕ್ಷಣ ಕಿಸೆಯಲ್ಲಿ ಇಟ್ಟುಕೊಂಡೆ, ಮುಖ ಬಿಳಿಚಿತ್ತು. ಬೀಡಿಯ ವಾಸನೆಗೆ ಯಾವ ಹುಡುಗನೂ ಹಾಗೆ ಕೈ ಚಾಚಿದ್ದು ನಾನು ನೋಡಿಲ್ಲ.

2019ರ ಸೆಪ್ಟೆಂಬರ್ 18ರಂದು ನಿರ್ಮಲಾ ಸೀತಾರಾಮನ್ ಟಿವಿಯಲ್ಲಿ ಇದನ್ನು ನಿಷೇಧಿಸಿದ್ದೇವೆ ಅಂದಾಗ ಹೇಳಿದ್ದೂ ಹುಡುಗರ ಮಾತೇ. ನಮ್ಮ ಕರ್ನಾಟಕದಲ್ಲಿ ಅದಕ್ಕೂ ಮೂರು ವರ್ಷ ಮೊದಲು, 2016ರಲ್ಲೇ ನಿಷೇಧ ಆಗಿತ್ತು. ನೀನು ಹೊಗಳುವ ಇಂಗ್ಲೆಂಡಿನಲ್ಲೂ ಸೇದಿ ಎಸೆಯುವ ತರಹದ್ದನ್ನು 2025ರ ಜೂನ್ 1ರಿಂದ ನಿಲ್ಲಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದಂತೆ. ನನ್ನನ್ನು ಕೇಳಿದರೆ ಅದು ಸರಿ ಕಾಣುತ್ತದೆ. ಸಿಗರೇಟು ಬಿಡಲು ಹೆಣಗುವವನಿಗೆ ಡಾಕ್ಟರ ಚೀಟಿ ಮೇಲೆ ಒಂದು ದಾರಿ ಇಡಬಹುದಿತ್ತು. ಇಟ್ಟಿಲ್ಲ. ಇಲ್ಲದ ದಾರಿಯ ಮೇಲೆ ನಿನ್ನನ್ನು ನಡೆಸಲು ನನ್ನಿಂದ ಆಗುವುದಿಲ್ಲ.

ಮತ್ತೆ ಆ ಮೂರಕ್ಕೆ ಬರುತ್ತೇನೆ. ಅವು ಎಲ್ಲಿಂದ ಬಂದವು ಮಂಜು? ಫೋನು ಮಾಡಿದರೆ ಬೈಕಿನ ಮೇಲೆ ಒಬ್ಬ ಬರುತ್ತಾನೆ, ಹೆಲ್ಮೆಟ್ ತೆಗೆಯುವುದಿಲ್ಲ, ದುಡ್ಡು ತಗೊಂಡು ಹೋಗುತ್ತಾನೆ ಅಂತ ಬರೆದಿದ್ದೀಯ. ಹೋದ ಸಲದ್ದು ಗಂಟಲು ಕೆರೆಯಿತು, ಬೇರೆ ಕಂಪನಿಯದಿರಬೇಕು ಅಂದೆಯಂತೆ. ಇದನ್ನು ಓದಿದಾಗ ನನ್ನ ಕೈ ತಣ್ಣಗಾಯಿತು. ಯಾಕೆಂದರೆ ಆ ಬೈಕಿನವನು ಒಂದು ಕಾಲಕ್ಕೆ ನಾನೇ.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. 2013ರ ಮೇ ಕೊನೆಗೆ ಗುಟ್ಕಾ ನಿಷೇಧ ಆಯಿತು. ದುರ್ಗದಬೈಲಿನ ಹತ್ತಿರದ ನಮ್ಮ ಅಂಗಡಿಯಲ್ಲಿ ಸರಗಳನ್ನು ಅವತ್ತೇ ಇಳಿಸಿದೆ. ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನದಿಂದ ಅಡಿಕೆ ಚೀಲದ ತಳದಲ್ಲಿಟ್ಟು ಮಾರಿದೆ. ಎರಡು ಪಟ್ಟು ರೇಟು. ಆಮೇಲೆ ಕಂಪನಿಗಳು ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಚೀಟಿ ಮಾಡಿ ಕಳಿಸಿದವು. ಒಂದನ್ನು ಹರಿದು ಇನ್ನೊಂದಕ್ಕೆ ಸುರಿದು ಎರಡು ಸಲ ಅಲುಗಿಸಿದರೆ ಹಳೇ ಗುಟ್ಕಾ. ಅದು ಬರುವ ಮೊದಲು, ಆ ನಡುವಿನ ದಿನಗಳಲ್ಲಿ, ಅಚ್ಚು ಅಲುಗಿದ ಚೀಟಿಗಳು ಬಂದವು. ಅಕ್ಷರ ಒಂದರ ಮೇಲೊಂದು ಕೂತಿದ್ದವು, ಬಣ್ಣ ಕೈಗೆ ಹತ್ತುತ್ತಿತ್ತು. ಯಾರು ಮಾಡಿದ್ದು, ಏನು ಹಾಕಿದ್ದು, ನಾನು ಕೇಳಲಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವವನೊಬ್ಬ ದಿನಾ ಬರುತ್ತಿದ್ದ. "ಕಾಕಾ, ಇದು ನಾಲಿಗಿ ಸುಡತೈತ್ರಿ" ಅಂದ. "ಹೊಸಾ ಮಾಲು, ರೂಢಿ ಆಗ್ತದ" ಅಂದೆ. ದುಡ್ಡು ತಗೊಂಡೆ. ಅವನು ಮರುದಿನವೂ ಬಂದ. ಬರದೆ ಎಲ್ಲಿ ಹೋಗಬೇಕು? ಅವನ ಮುಖದಲ್ಲೂ ಇದೇ ಅಂಜಿಕೆ ಇತ್ತು. ನಾಳೆ ಸಿಗದಿದ್ದರೆ?

ಅಂಜಿದವನು ಏನು ಕೊಟ್ಟರೂ ತಗೊಳ್ಳುತ್ತಾನೆ ಅಂತ ನಮಗೆ, ಮಾರುವವರಿಗೆ, ಚೆನ್ನಾಗಿ ಗೊತ್ತಿರುತ್ತದೆ.

ಅಮೆರಿಕದಲ್ಲಿ 2019ರಲ್ಲಿ ಏನಾಯಿತು ಗೊತ್ತಲ್ವಾ? ವೇಪ್ ಸೇದಿದವರು ಉಸಿರಾಡಲು ಆಗದೆ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ, ಅದರಲ್ಲಿ 68 ಜನ ತೀರಿಕೊಂಡರು. ಬಹಳ ಮಂದಿಯದು ಗಾಂಜಾದ ಸತ್ವ ಹಾಕಿದ ದ್ರವ, ಅಂಗಡಿಯಿಂದಲ್ಲ, ಪರಿಚಯದವರಿಂದಲೋ ಕಳ್ಳಪೇಟೆಯಿಂದಲೋ ತಂದದ್ದು. ಅದು ಗಟ್ಟಿಯಾಗಿ ಕಾಣಲಿ ಅಂತ ವಿಟಮಿನ್ ಇ ಎಣ್ಣೆ ಬೆರೆಸಿದ್ದರು. ನಿನ್ನದು ಅದಲ್ಲ, ಗೊತ್ತು. ಆದರೂ ನಿನ್ನ ಗಂಟಲು ಕೆರೆದದ್ದು ಯಾವುದರಿಂದ ಅಂತ ನಿನಗೂ ಗೊತ್ತಿಲ್ಲ, ಆ ಬೈಕಿನವನಿಗೂ ಗೊತ್ತಿಲ್ಲ.

ಪೊಲೀಸರ ಬಗ್ಗೆ ಅರ್ಧ ಸಾಲು ಬರೆದಿದ್ದೀಯ. ನಮ್ಮ ಓಣಿಯ ವಕೀಲರನ್ನು ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. ವೇಪ್ ನಿಷೇಧದ ಕಾಯ್ದೆಯಲ್ಲಿ ಸೇದುವುದಕ್ಕೇ ಶಿಕ್ಷೆ ಅಂತ ಬರೆದಿಲ್ಲವಂತೆ. ಮಾಡುವುದು, ಮಾರುವುದು, ತರಿಸುವುದು, ಸಾಗಿಸುವುದಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೇ ಹೇಳುವುದು, ಮುಗಿದುಹೋದಾವು ಅಂತ ಅಂಜಿ ಇಪ್ಪತ್ತು ಮೂವತ್ತು ತಂದು ಇಟ್ಟುಕೊಳ್ಳಬೇಡ. ಗೆಳೆಯರಿಗೂ ಸೇರಿಸಿ ತರಿಸಬೇಡ. ದುಬೈಗೆ ಹೋದವರಿಗೆ ತಾ ಅಂತ ಹೇಳಬೇಡ. ಇದು ಬುದ್ಧಿವಾದ ಅಂತ ತಿಳಿಯಬೇಡ. ಪಾನಂಗಡಿ ನಡೆಸಿದವನು ಪೊಲೀಸ್ ಜೀಪು ಕಂಡಾಗ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ತಿಳಿದು ಹೇಳುತ್ತಿದ್ದೇನೆ.

ನೀನು ಸಿಗರೇಟು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಅದನ್ನು ಯಾರೂ ನಿನ್ನಿಂದ ಕಸಿದುಕೊಂಡಿಲ್ಲ. ಈ ಮೂರು ಮುಗಿದರೂ ಅದು ಹೋಗುವುದಿಲ್ಲ. ಹೀಗೆ ಬರೆದೆ, ಆದರೆ ನಿನಗೆ ಇದರಿಂದ ಧೈರ್ಯ ಬರುತ್ತದೋ ಇಲ್ಲವೋ ನಾನರಿಯೆ.

ಲಾಕ್‌ಡೌನ್ ಆದಾಗ ನಾನು ಅಂಗಡಿ ಕೊಟ್ಟು ಒಂದು ವರ್ಷವಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಓಣಿಯ ರಿಟೈರ್ಡ್ ಮಾಸ್ತರರು ಹಿತ್ತಲ ಬಾಗಿಲಿಗೆ ಬಂದರು. ಜೀವನದಲ್ಲಿ ಯಾರ ಮುಂದೂ ಕೈ ಚಾಚದವರು. "ಹಳೇ ಮಾಲು ಏನರ ಉಳದೈತೇನು?" ಅಂದರು. ಬಾಗಿಲ ಚೌಕಟ್ಟು ಹಿಡಿದ ಬೆರಳು ನಡುಗುತ್ತಿದ್ದವು. ನನ್ನ ಹತ್ತಿರ ಇರಲಿಲ್ಲ. ಚಹಾ ಕೊಟ್ಟೆ, ಅರ್ಧ ಕುಡಿದು ಎದ್ದರು. ಒಂದು ವಾರ ಮನೆಯವರ ಮೇಲೆ ಹರಿಹಾಯ್ದರಂತೆ, ರಾತ್ರಿ ನಿದ್ದೆ ಇಲ್ಲ. ಮೂರನೇ ವಾರದಲ್ಲಿ ನೋಡಿದರೆ ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೆರಳು ಸ್ಥಿರವಾಗಿದ್ದವು. ಅಂಗಡಿ ತೆರೆದ ದಿನ ಮತ್ತೆ ಸೇದಿದರು, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ನಾನು ಹೇಳುವುದು ಆ ನಡುವಿನ ದಿನಗಳ ಮಾತು. ಅವರೂ ಸಿಗದಿದ್ದರೆ ಸತ್ತೇಹೋಗುತ್ತೇನೆ ಅಂದುಕೊಂಡಿದ್ದರು. ಮೊದಲ ಮೂರು ನಾಲ್ಕು ದಿನವೇ ಕಷ್ಟ, ಆಮೇಲೆ ಇಳಿಯುತ್ತದೆ ಅಂತ ಡಾಕ್ಟರೂ ಹೇಳುತ್ತಾರೆ.

ಆ ಮೂರು ಮುಗಿಯುವ ಮೊದಲೇ ಡಾಕ್ಟರ ಹತ್ತಿರ ಹೋಗು. ಮುಗಿದ ಮೇಲೆ ಹೋದರೆ ಆಸ್ಪತ್ರೆ ದಾರಿಯಲ್ಲಿ ಎಷ್ಟು ಪಾನಂಗಡಿ ಇವೆ ಗೊತ್ತಲ್ವಾ. ನಿಕೋಟಿನ್ ಗಮ್ ಸಿಗುತ್ತದೆ, ಔಷಧಿ ಅಂಗಡಿಯಲ್ಲಿ. ಅದನ್ನು ಎಲೆ ಅಡಿಕೆ ಅಗಿದ ಹಾಗೆ ಅಗಿಯಬಾರದು. ಖಾರ ಹತ್ತುವವರೆಗೆ ಮೆಲ್ಲಗೆ ಅಗಿದು ದವಡೆಗೆ ಒತ್ತಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಮುಂಚಿನ ಕಾಲು ಗಂಟೆ ಚಹಾ ಕಾಫಿ ಬೇಡ, ಕುಡಿದರೆ ಅದು ಸರಿಯಾಗಿ ಹತ್ತುವುದಿಲ್ಲ. ಇಷ್ಟು ಮಾತ್ರ ನನಗೆ ತಿಳಿದದ್ದು. ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ನಂಬರು ಅಚ್ಚು ಹಾಕಿರುತ್ತಾರೆ, ಬಿಡಬೇಕು ಅನ್ನುವವರಿಗೆ ದುಡ್ಡು ಬೀಳದ ನಂಬರು. ಅಷ್ಟು ಪ್ಯಾಕು ಕೈಯಿಂದ ಕೈಗೆ ಕೊಡುವಾಗ ಒಬ್ಬನಿಗಾದರೂ ಆ ನಂಬರು ತೋರಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಅಂಗಡಿ ಕೊಡುವಾಗ ಹಳೇ ಉದ್ರಿ ಪುಸ್ತಕಗಳನ್ನು ಮನೆಗೆ ತಂದಿದ್ದೆ. ನಿನ್ನ ಪತ್ರ ಬಂದ ರಾತ್ರಿ ತೆಗೆದು ನೋಡಿದೆ. ಹಮಾಲನ ಹೆಸರಿದೆ, ಮಾಸ್ತರರ ಹೆಸರಿದೆ, ಓಣಿಯ ಎಲ್ಲರ ಹೆಸರೂ ಇದೆ. ಅಣ್ಣನ ಹೆಸರಿನ ಪುಟ ಮಾತ್ರ ಇಲ್ಲ. ಅವನಿಂದ ನಾನು ಒಂದು ದಿನವೂ ದುಡ್ಡು ತಗೊಂಡವನಲ್ಲ. ಒಡಹುಟ್ಟಿದವನು, ಏನು ಲೆಕ್ಕ ಅಂತ, ರಾತ್ರಿ ಬಂದರೆ ಒಂದಕ್ಕೆ ಎರಡು ಕಟ್ಟು ಕೊಟ್ಟು ಕಳಿಸುತ್ತಿದ್ದೆ. ಅವನಿಗೆ ಎಣಿಸುವ ಅಂಜಿಕೆ ಬಾರದಿರಲಿ ಅಂತ. ಅದನ್ನು ಪ್ರೀತಿ ಅಂದುಕೊಂಡಿದ್ದೆ ಮಂಜು.

ನಿನಗೂ ಹಾಗೇ ಯಾರಿಂದಲಾದರೂ ಹತ್ತು ತರಿಸಿಕೊಟ್ಟುಬಿಡೋಣ, ಹುಡುಗ ಅಂಜುವುದು ಬೇಡ ಅಂತ ಒಂದು ಗಳಿಗೆ ಮನಸ್ಸಿಗೆ ಬಂತು. ಬಂದದ್ದು ನಿಜ. ತರಿಸುವುದಿಲ್ಲ.

ಎರಡು ದಿನ ರಜೆ ಸಿಕ್ಕರೆ ಬಾ. ರೈಲಿಗೇ ಬಾ, ಬಸ್ಸು ನಿಲ್ಲಿಸಿದಲ್ಲೆಲ್ಲ ಸಿಗರೇಟು ಮಾರುತ್ತಾರೆ. ಉಳಿದದ್ದನ್ನು ಬ್ಯಾಗಿನ ತಳದಲ್ಲಿ ಬಚ್ಚಿಡಬೇಡ, ಕಾಕಿಗೆ ನಾನು ಹೇಳಿದ್ದೇನೆ, ಅವಳು ಏನೂ ಅನ್ನುವುದಿಲ್ಲ. ಮೊಮ್ಮಗನ ಎದುರು ಮಾತ್ರ ಬೇಡ. ಬರಲು ಆಗದಿದ್ದರೆ, ರಾತ್ರಿ ಎಣಿಸಬೇಕು ಅನಿಸಿದಾಗ ನನಗೆ ಫೋನು ಮಾಡು. ಹನ್ನೊಂದಾದರೂ ಸರಿ. ನನಗೆ ಈಗ ನಿದ್ದೆ ಕಡಿಮೆ.

ಇಂತು ನಿನ್ನ
ಕಾಕಾ

ತಾ.ಕ.: ಕಾಕಿ ಗುರೆಳ್ಳ ಹಿಂಡಿಯ ಡಬ್ಬಿ ಕಳಿಸಿದ್ದಾಳೆ. ಅದರ ಕೆಳಗೆ ಪೇಪರಿನಲ್ಲಿ ಸುತ್ತಿ ಗಮ್ಮಿನ ಎರಡು ಪಟ್ಟಿ ಇಟ್ಟಿದ್ದೇನೆ, 2 ಮಿಲಿಗ್ರಾಮಿನದು. ನಿನಗೆ ಅದು ಸರಿಹೋಗುತ್ತದೋ ಇಲ್ಲವೋ ಡಾಕ್ಟರನ್ನು ಒಂದು ಮಾತು ಕೇಳು.