ಮಗಳಿಗೊಂದು ಪತ್ರ: ನರದೊಳಗಿನ ವಿದ್ಯುತ್ತು

ಬೆಂಗಳೂರು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಒಲೆಯ ಮುಂದೆ ನಿಂತು ಅರ್ಧಂಬರ್ಧ ಉತ್ತರ ಕೊಡುವುದು ಬೇಡವೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ತಂತಿಯಲ್ಲಿ ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ವಿದ್ಯುತ್ ಸಂಕೇತವು ನಮ್ಮ ಕೈಯ ನರದಲ್ಲಿ ಸೆಕೆಂಡಿಗೆ 50-60 ಮೀಟರಿನಷ್ಟೇ ಏಕೆ ಸಾಗುತ್ತದೆ ಎಂಬುದು ನಿನ್ನ ಪ್ರಶ್ನೆಯಾಗಿತ್ತು. ನರವನ್ನು ಹೊದಿಕೆಯಿರುವ ತಂತಿ ಎಂದು ತಿಳಿದುಕೊಳ್ಳುವುದು ಮೊದಲ ದಿನದ ಪಾಠಕ್ಕೆ ಸಾಕು. ಆದರೆ ಆ ಚಿತ್ರವನ್ನೇ ಹಿಡಿದುಕೊಂಡು ಕುಳಿತರೆ ಮುಂದಿನ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ ಎಂದು ನನಗನ್ನಿಸುತ್ತದೆ. ತಂತಿಯಲ್ಲಿ ವಿದ್ಯುತ್ತು ಉದ್ದಕ್ಕೆ ಹರಿಯುತ್ತದೆ. ನರದಲ್ಲಿ ಸಂಕೇತವನ್ನು ಹುಟ್ಟಿಸುವ ಚಲನೆ ಅಡ್ಡಕ್ಕೆ, ಅಂದರೆ ಕೋಶಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಯುತ್ತದೆ.

ನರಕೋಶದ ಒಳಗಿರುವುದೂ ಹೊರಗಿರುವುದೂ ಉಪ್ಪುನೀರೇ, ಆದರೆ ಉಪ್ಪು ಬೇರೆ. ಹೊರಗಿನ ದ್ರವದಲ್ಲಿ ಲೀಟರಿಗೆ ಸುಮಾರು 145 ಮಿಲಿಮೋಲ್ ಸೋಡಿಯಂ ಇದ್ದರೆ ಒಳಗೆ ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಪೊಟ್ಯಾಸಿಯಂ ಇದಕ್ಕೆ ತಿರುಗುಮುರುಗಾಗಿ ಒಳಗೆ 140ರ ಆಸುಪಾಸು, ಹೊರಗೆ 4 ಅಥವಾ 5. ಈ ಅಂತರವನ್ನು ಕಾಯುವುದು ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನ್ ಪಂಪು. ಪ್ರತಿ ಸುತ್ತಿನಲ್ಲೂ ಅದು 3 ಸೋಡಿಯಂ ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಹೊರಗೆ ದೂಡಿ, 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಂಡು, ಕೋಶಕ್ಕೆ ಶಕ್ತಿ ಒದಗಿಸುವ ಒಂದು ಎಟಿಪಿ ಅಣುವನ್ನು ಖರ್ಚು ಮಾಡುತ್ತದೆ. ಮೈತೂಕದಲ್ಲಿ ಶೇ 2ರಷ್ಟೇ ಇರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ನುಂಗಿಹಾಕುವುದಕ್ಕೆ ಈ ಪಂಪಿನ ಖರ್ಚೇ ದೊಡ್ಡ ಕಾರಣ. ಸುಮ್ಮನಿರುವಾಗ ಪೊರೆಯು ಮುಖ್ಯವಾಗಿ ಪೊಟ್ಯಾಸಿಯಂಗೆ ಮಾತ್ರ ಸೋರಲು ದಾರಿ ಬಿಡುವುದರಿಂದ, ಕೋಶದ ಒಳಭಾಗವು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿ ನಿಲ್ಲುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ ಇಪ್ಪತ್ತನೆಯ ಒಂದು ಭಾಗವೂ ಇಲ್ಲದ ಈ ವೋಲ್ಟೇಜನ್ನು ನೋಡಿ ನಗಬೇಡ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಮಾತ್ರವಾದ್ದರಿಂದ ಲೆಕ್ಕ ಹಾಕಿದರೆ ಅದು ಮೀಟರಿಗೆ 1.4 ಕೋಟಿ ವೋಲ್ಟ್ ಆಗುತ್ತದೆ. ಇಂಥ ಪ್ರಬಲ ಕ್ಷೇತ್ರದ ನಡುವೆ ಕುಳಿತಿರುವ ಪ್ರೋಟೀನುಗಳು ಕೆಲವೇ ಮಿಲಿವೋಲ್ಟ್ ಏರುಪೇರಾದರೂ ಆಕಾರ ಬದಲಿಸುವುದರಲ್ಲಿ ಆಶ್ಚರ್ಯವಿಲ್ಲ.

ಆಕಾರ ಬದಲಿಸುವ ಆ ಪ್ರೋಟೀನುಗಳೇ ಸೋಡಿಯಂಗೆ ಬಾಗಿಲಾದ ಸೋಡಿಯಂ ಚಾನೆಲ್‌ಗಳು. ಒಳಗಿನ ವೋಲ್ಟೇಜು ಋಣ 55 ಮಿಲಿವೋಲ್ಟಿನ ಆಸುಪಾಸಿನ ಹೊಸ್ತಿಲಿಗೆ ಏರಿದೊಡನೆ ಅವು ತೆರೆದುಕೊಂಡು ಸೋಡಿಯಂ ಒಳಗೆ ನುಗ್ಗುತ್ತದೆ. ನುಗ್ಗಿದ ಸೋಡಿಯಂನಿಂದ ವೋಲ್ಟೇಜು ಇನ್ನಷ್ಟು ಏರಿ ಇನ್ನಷ್ಟು ಚಾನೆಲ್‌ಗಳು ತೆರೆಯುತ್ತವೆ. ಅರೆಗಳಿಗೆಯಲ್ಲಿ ಒಳಭಾಗ ಧನವಾಗಿಬಿಡುತ್ತದೆ. ಅಷ್ಟರಲ್ಲಿ ಸೋಡಿಯಂ ಚಾನೆಲ್‌ಗಳು ತಾವಾಗಿ ಮುಚ್ಚಿಕೊಂಡು, ತಡವಾಗಿ ತೆರೆಯುವ ಪೊಟ್ಯಾಸಿಯಂ ಚಾನೆಲ್‌ಗಳು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತವೆ. ಒಟ್ಟು ಒಂದೆರಡು ಮಿಲಿಸೆಕೆಂಡಿನ ಈ ಘಟನೆಯೇ ನಿನ್ನ ಪುಸ್ತಕದ ಕ್ರಿಯಾವಿಭವ. ಒಂದು ಜಾಗದಲ್ಲಿ ಇದು ನಡೆದಾಗ ಪಕ್ಕದ ತುಣುಕಿನ ವೋಲ್ಟೇಜೂ ಸ್ವಲ್ಪ ಏರಿ, ಅಲ್ಲಿಯ ಚಾನೆಲ್‌ಗಳು ತೆರೆಯುತ್ತವೆ. ದೀಪಾವಳಿಯ ಸರಪಟಾಕಿಯಲ್ಲಿ ಮೊದಲ ಪಟಾಕಿಯ ಮದ್ದು ಕೊನೆಯ ಪಟಾಕಿಯವರೆಗೆ ಹೋಗುವುದಿಲ್ಲ, ಪ್ರತಿಯೊಂದೂ ತನ್ನದೇ ಮದ್ದಿನಿಂದ ಸಿಡಿಯುತ್ತದೆಯಲ್ಲವೇ, ಹಾಗೆ. ಆದ್ದರಿಂದಲೇ ಬೆನ್ನುಹುರಿಯಿಂದ ಕಾಲಿನ ತುದಿಯವರೆಗೆ ಸುಮಾರು ಒಂದು ಮೀಟರ್ ಸಾಗಿದರೂ ಸಂಕೇತ ಸೊರಗುವುದಿಲ್ಲ, ಆದರೆ ಪ್ರತಿ ಹೆಜ್ಜೆಗೂ ಚಾನೆಲ್ ತೆರೆಯುವ ಸಮಯ ತಗಲುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುವ ನರಗಳಲ್ಲಿ ಹೊದಿಕೆಯ ನಡುನಡುವೆ ಬಿಟ್ಟ ಸಂದುಗಳಲ್ಲಿ ಮಾತ್ರ ಈ ಕೆಲಸ ನಡೆಯುವುದರಿಂದ ಹೆಜ್ಜೆಗಳು ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಹೊದಿಕೆಯಿಲ್ಲದ ಸಪೂರ ನೋವಿನ ನರಗಳು ಸೆಕೆಂಡಿಗೆ ಒಂದು ಮೀಟರಿನ ಆಚೀಚೆ ತೆವಳುತ್ತವೆ. ಹೊಸ್ತಿಲಿಗೆ ಕಾಲು ಎಡವಿದಾಗ ತಾಗಿದ್ದು ಮೊದಲು ಗೊತ್ತಾಗಿ, ಜೀವ ಹಿಂಡುವ ನೋವು ಆಮೇಲೆ ಬರುವುದು ಈ ಕಾರಣಕ್ಕೆ.

ರೋಗಿಗಳ ನರಗಳನ್ನು ಪರೀಕ್ಷಿಸುವ ನನ್ನ ಕೊಠಡಿಯಲ್ಲಿ ಪ್ರತಿದಿನ ಅಳೆಯುವುದು ಇದನ್ನೇ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರು ಬಂದು, “ಮೇಡಂ, ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತೆ, ಕೊಡವಿದರೆ ಸರಿಹೋಗುತ್ತೆ” ಎನ್ನುತ್ತಾರೆ. ಹೆಬ್ಬೆರಳ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಮಣಿಕಟ್ಟಿನಲ್ಲಿ ನರಕ್ಕೆ ಒಂದು ಸಣ್ಣ ಷಾಕ್ ಕೊಡುತ್ತೇನೆ. ವಿದ್ಯುತ್ತನ್ನು ಸ್ವಲ್ಪಸ್ವಲ್ಪವೇ ಏರಿಸಿದಂತೆ ಪರದೆಯ ಮೇಲಿನ ಅಲೆ ದೊಡ್ಡದಾಗುತ್ತ ಹೋಗಿ, ಒಂದು ಹಂತದ ನಂತರ ಎಷ್ಟೇ ಏರಿಸಿದರೂ ಬೆಳೆಯುವುದಿಲ್ಲ. ಏಕೆಂದರೆ ಒಂದೊಂದು ನರತಂತುವೂ ಸಿಡಿದರೆ ಪೂರ್ತಿ ಸಿಡಿಯುತ್ತದೆ, ಇಲ್ಲವಾದರೆ ಇಲ್ಲ, ಮತ್ತು ಆ ಹಂತಕ್ಕೆ ಎಲ್ಲ ತಂತುಗಳೂ ಸಿಡಿದಾಗಿರುತ್ತವೆ. ಬಳಿಕ ಮೊಣಕೈಯಲ್ಲಿ ಅದೇ ನರಕ್ಕೆ ಷಾಕ್ ಕೊಡುತ್ತೇನೆ. ಷಾಕ್ ಕೊಟ್ಟಮೇಲೆ ಅಲೆ ಕಾಣಿಸಲು ಮಣಿಕಟ್ಟಿನಿಂದ 3.5 ಮಿಲಿಸೆಕೆಂಡ್, ಮೊಣಕೈಯಿಂದ 7.5 ಮಿಲಿಸೆಕೆಂಡ್, ನಡುವಿನ ದೂರ 22 ಸೆಂಟಿಮೀಟರ್ ಎಂದಿಟ್ಟುಕೋ: 22 ಸೆಂಟಿಮೀಟರಿಗೆ 4 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 55 ಮೀಟರ್. ಮಣಿಕಟ್ಟಿನ ಬಳಿ ನರ ಒತ್ತಿಹೋಗಿದ್ದರೆ ಮೊದಲ ಸಂಖ್ಯೆ ಹಿಗ್ಗುತ್ತದೆ, ಮುಂಗೈಯ ವೇಗ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಎರಡು ಕಡೆ ಕೆರಳಿಸಿ ಕಳೆಯುವ ಈ ಉಪಾಯ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನದು. ನರದ ವೇಗವನ್ನು ಅಳೆಯಲಾಗದು ಎಂದು ಅವನ ಗುರು ಯೊಹಾನೆಸ್ ಮ್ಯುಲರ್ ನಂಬಿದ್ದರೂ, 1850ರಲ್ಲಿ ಅವನು ಕಪ್ಪೆಯ ನರದಲ್ಲಿ ಅಳೆದು, ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತೋರಿಸಿದ. ಡಿಸೆಂಬರಿನ ಬೆಳಗ್ಗೆ ಬೈಕಿನಲ್ಲಿ ಬಂದವರ ಕೈಯನ್ನು ನಾನು ಮೊದಲು ಬಿಸಿನೀರಿನಲ್ಲಿ ಇಡಿಸುತ್ತೇನೆ; ಚರ್ಮ ಒಂದು ಡಿಗ್ರಿ ತಣ್ಣಗಾದರೆ ವೇಗ ಸುಮಾರು 2 ಮೀಟರ್ ಇಳಿಯುವುದರಿಂದ, ಆರೋಗ್ಯವಂತರ ನರವೂ ರೋಗಿಯ ನರದಂತೆ ಕಂಡೀತು. ತಾಮ್ರದ ತಂತಿ ತಣ್ಣಗಾದರೆ ಅದರ ರೋಧ ಕಡಿಮೆಯಾಗುತ್ತದೆ, ಅಂದರೆ ನರಕ್ಕೆ ತದ್ವಿರುದ್ಧ, ಎಂಬುದನ್ನು ಇಲ್ಲಿ ನೆನೆಸಿಕೋ.

ಅಯಾನುಗಳ ಈ ಕಥೆ ಬಯಲಾದದ್ದು ಸ್ಕ್ವಿಡ್ ಎಂಬ ಕಡಲ ಜೀವಿಯಿಂದ. ಅದರ ದೈತ್ಯ ಆಕ್ಸಾನಿನೊಳಗೆ (ಆಕ್ಸಾನ್ ಎಂದರೆ ಸಂಕೇತ ಒಯ್ಯುವ, ನರಕೋಶದ ಉದ್ದನೆಯ ಎಳೆ) 1939ರಲ್ಲಿ ಎಲೆಕ್ಟ್ರೋಡ್ ತೂರಿಸಿದ ಹಾಜ್‌ಕಿನ್ ಮತ್ತು ಹಕ್ಸ್ಲಿ, ಯುದ್ಧ ಮುಗಿದ ಮೇಲೆ ಕೆಲಸ ಮುಂದುವರಿಸಿ, 1952ರಲ್ಲಿ ಸಮೀಕರಣಗಳನ್ನು ಪ್ರಕಟಿಸಿದರು. ಹಕ್ಸ್ಲಿ ಅವುಗಳನ್ನು ಬಿಡಿಸಿದ್ದು ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಿಂದ. 1963ರಲ್ಲಿ ನೊಬೆಲ್ ಬಂತು.

ಇನ್ನು ನರದ ತುದಿಗೆ ಬರೋಣ, ನನಗೆ ಬಹಳ ಇಷ್ಟವಾದ ಭಾಗವಿದು. ನಾನು ಎರಡು ಸಂಖ್ಯೆಗಳನ್ನು ಕಳೆಯಬೇಕಾದದ್ದು ಏಕೆಂದರೆ, ಸಂಕೇತವು ನರದಿಂದ ಸ್ನಾಯುವಿಗೆ ದಾಟುವುದಕ್ಕೂ ಒಂದಿಷ್ಟು ಸಮಯ ಹಿಡಿಯುತ್ತದೆ. ಕೆಲವು ಕಡೆ ಕೋಶಗಳು ನೇರವಾಗಿ ವಿದ್ಯುತ್ತನ್ನೇ ಹಂಚಿಕೊಳ್ಳುತ್ತವೆ, ನಿಜ. ಆದರೆ ಬಹುಪಾಲು ಸಿನಾಪ್ಸ್‌ಗಳಲ್ಲಿ, ಅಂದರೆ ಒಂದು ಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಜಾಗಗಳಲ್ಲಿ, ನಡುವೆ ಸಂದಿದೆ, ಮಿದುಳಿನಲ್ಲಿ ಅದು ಸುಮಾರು 20 ನ್ಯಾನೋಮೀಟರ್. ಕ್ರಿಯಾವಿಭವ ತುದಿಗೆ ಮುಟ್ಟಿದಾಗ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆಯುತ್ತವೆ, ಒಳಬಂದ ಕ್ಯಾಲ್ಸಿಯಂ ರಾಸಾಯನಿಕ ತುಂಬಿದ ಪುಟ್ಟ ಕೋಶಿಕೆಗಳನ್ನು ಪೊರೆಯೊಂದಿಗೆ ಬೆಸೆಯುತ್ತದೆ, ಚೆಲ್ಲಿದ ರಾಸಾಯನಿಕ ಆಚೆಯ ದಡದ ಗ್ರಾಹಕಗಳಿಗೆ ಅಂಟಿ ಅಲ್ಲಿಯ ಚಾನೆಲ್‌ಗಳನ್ನು ತೆರೆಯುತ್ತದೆ. ವಿಜ್ಞಾನಿ ಆಟೊ ಲೋವಿ 1921ರಲ್ಲಿ ಕಪ್ಪೆಯ ಒಂದು ಹೃದಯದ, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಕೆರಳಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ, ಎರಡನೆಯದೂ ನಿಧಾನವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್. ನಮ್ಮ ಹೆಬ್ಬೆರಳ ಸ್ನಾಯುವನ್ನು ಕುಣಿಸುವುದೂ ಅದೇ. ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋಲುತ್ತದೆ ಎಂದು ಬರುವ ಕೆಲವರಿಗೆ ನಾನು ಸೆಕೆಂಡಿಗೆ 3ರಂತೆ ಷಾಕ್ ಕೊಡುತ್ತೇನೆ. ಮಯಸ್ಥೇನಿಯಾ ಎಂಬ, ಸ್ನಾಯು ಬೇಗ ಸೋಲುವ ಕಾಯಿಲೆ ಇದ್ದರೆ ಮೊದಲ ಅಲೆಗಿಂತ ಎರಡನೆಯದು ಚಿಕ್ಕದು, ನಾಲ್ಕನೆಯದು ಇನ್ನೂ ಚಿಕ್ಕದು. ಇಳಿತ ಶೇ 10ನ್ನು ಮೀರಿದರೆ ವೈದ್ಯರಿಗೆ ತಿಳಿಸುತ್ತೇನೆ. ನರ ಚೆನ್ನಾಗಿಯೇ ಸಿಡಿಯುತ್ತಿರುತ್ತದೆ, ಸ್ನಾಯುವಿಗೂ ಬಲವಿದೆ. ಗ್ರಾಹಕಗಳನ್ನು ದೇಹದ ಪ್ರತಿಕಾಯಗಳೇ ಹಾಳುಮಾಡಿರುವುದರಿಂದ ಆ ಸಂದಿಯಲ್ಲಿ ಸಂದೇಶ ಬಿದ್ದುಹೋಗುತ್ತದೆ.

ಕೋಶಿಕೆಗಳ ವಿಷಯಕ್ಕೆ ನಮ್ಮೂರಿನ ನಂಟೂ ಇದೆ. ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ, ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಸಂಸ್ಥೆಯನ್ನು ಕಟ್ಟಿದ ಒಬೈದ್ ಸಿದ್ದಿಕಿ ಅವರು, ಅಮೆರಿಕದ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ ಸೇರಿ 1976ರಲ್ಲಿ ವಿಚಿತ್ರವಾದ ಹಣ್ಣುನೊಣಗಳನ್ನು ವಿವರಿಸಿದರು: ಬಿಸಿ ಏರಿಸಿದರೆ ಅವು ಲಕ್ವ ಹೊಡೆದಂತೆ ಬಿದ್ದುಬಿಡುತ್ತವೆ, ತಣ್ಣಗಾದ ಮೇಲೆ ಏಳುತ್ತವೆ. ಅವುಗಳಲ್ಲಿ ‘ಕೋಮಟೋಸ್’ ಎಂಬ ತಳಿಯಲ್ಲಿ ಕೆಟ್ಟಿದ್ದ ಜೀನು, ಕೋಶಿಕೆಗಳು ಪೊರೆಗೆ ಬೆಸೆಯುವ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಎನ್‌ಎಸ್‌ಎಫ್ ಪ್ರೋಟೀನಿನದು ಎಂದು ಆಮೇಲೆ ಗೊತ್ತಾಯಿತು. ಜೇಮ್ಸ್ ರಾತ್‌ಮನ್ ಅವರಿಗೆ 2013ರ ನೊಬೆಲ್‌ನಲ್ಲಿ ಪಾಲು ತಂದ ಸಂಶೋಧನೆಯಲ್ಲಿ ಈ ಪ್ರೋಟೀನಿಗೆ ಮುಖ್ಯ ಸ್ಥಾನವಿತ್ತು.

ಮಿದುಳಿನಲ್ಲಿ ಲೆಕ್ಕ ಇನ್ನೂ ಜಟಿಲ. ಅಲ್ಲಿಯ ಒಂದೊಂದು ನರಕೋಶದ ಮೇಲೂ ಸಾವಿರಾರು ಸಿನಾಪ್ಸ್‌ಗಳಿದ್ದು, ಗ್ಲುಟಮೇಟ್ ಎಂಬ ರಾಸಾಯನಿಕ ಸುರಿಸುವವು ವೋಲ್ಟೇಜನ್ನು ಮೇಲೆತ್ತುತ್ತವೆ, ಗಾಬಾ ಎಂಬುದನ್ನು ಸುರಿಸುವವು ತಡೆಯುತ್ತವೆ. ಇವೆಲ್ಲದರ ಮೊತ್ತ ಆಕ್ಸಾನಿನ ಬುಡದಲ್ಲಿ ಹೊಸ್ತಿಲನ್ನು ದಾಟಿದರೆ ಮಾತ್ರ ಕೋಶ ಸಿಡಿಯುತ್ತದೆ.

ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುವಾಗ ಅಯಾನುಗಳ ಬಾಣಗಳನ್ನು ಆಕ್ಸಾನಿನ ಉದ್ದಕ್ಕೆ ಎಳೆಯದೆ, ಪೊರೆಗೆ ಅಡ್ಡವಾಗಿ ಎಳೆ. ಸೋಡಿಯಂಗೆ ಒಳಮುಖ, ಪೊಟ್ಯಾಸಿಯಂಗೆ ಹೊರಮುಖ. ಗ್ರಾಫಿನಲ್ಲಿ ಶೂನ್ಯದ ಗೆರೆ ಹಾಕುವುದನ್ನು ಮರೆಯಬೇಡ, ಅಲೆ ಅದನ್ನು ದಾಟಿ ಮೇಲೆ ಹೋಗಬೇಕು. ಹುರಿಗಾಳಿನ ಡಬ್ಬಿಯನ್ನು ಅಪ್ಪ ಶನಿವಾರ ಕಳಿಸುತ್ತಾರೆ.

ಇತಿ,
ನಿನ್ನ ಅಮ್ಮ