ಮೊದಲ ರೈಲಿನ ಖರ್ಚು ಯಾರ ತಲೆಗೆ?

ಸಂಪಾದಕರೇ,

1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರಿನಿಂದ ಠಾಣೆ ಊರಿಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲಿನ ಬಗ್ಗೆ ನಿಮ್ಮ ಲೇಖನ ಓದಿದೆ. 14 ಬೋಗಿ, ಸುಮಾರು 400 ಅತಿಥಿಗಳು, 21 ತೋಪುಗಳ ಸಲಾಮು, ಎಲ್ಲಾ ಇದೆ. ದುಡ್ಡಿನ ಮಾತು ಮಾತ್ರ ಎಲ್ಲೂ ಇಲ್ವಲ್ಲ!

ಆ ರೈಲು ಓಡಿಸಿದ ಕಂಪನಿಗೆ ಬಂಡವಾಳ ಹೂಡಿದವರು ಬ್ರಿಟನ್ನಿನ ಷೇರುದಾರರು. ಅವರಿಗೆ ವರ್ಷಕ್ಕೆ ಶೇ 5ರಷ್ಟು ಬಡ್ಡಿ ಖಾತ್ರಿ ಎಂದು ಈಸ್ಟ್ ಇಂಡಿಯಾ ಕಂಪನಿ 1849ರಲ್ಲೇ ಬರೆದುಕೊಟ್ಟಿತ್ತು. ರೈಲಿನ ಗಳಿಕೆ ಸಾಲದಿದ್ದರೆ ಉಳಿದದ್ದನ್ನು ಇಲ್ಲಿನ ಬೊಕ್ಕಸ ತುಂಬಬೇಕು. ಬೊಕ್ಕಸ ಅಂದರೆ ಬಹುಪಾಲು ರೈತರ ಕಂದಾಯವೇ ಅಲ್ವಾ? ಹೀಗಿದ್ದ ಮೇಲೆ ಖರ್ಚಿಗೆ ಕಡಿವಾಣ ಹಾಕುವ ಉಸಾಬರಿ ಯಾರಿಗೆ ಬೇಕಿತ್ತು?

ಇನ್ನು ಕೂಲಿಗಳು. ಅದೇ ಕಂಪನಿಯ ಪುಣೆ ದಾರಿಯ ಭೋರ್ ಘಾಟ್‌ನಲ್ಲಿ 1856ರಿಂದ 1863ರವರೆಗೆ ಬೆಟ್ಟ ಕೊರೆದು 25 ಸುರಂಗ ಮಾಡಿದರು. ಕಾಲೂರಲು ಜಾಗವಿಲ್ಲದ ಬಂಡೆಗಳಲ್ಲಿ ಆಳುಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ನೇತಾಡುತ್ತಲೇ ಸಿಡಿಮದ್ದಿಗೆ ಕುಳಿ ತೋಡಬೇಕು. ಜೊತೆಗೆ ಕಾಲರಾ ಬೇರೆ. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದು ಕೆಲವೇ ವಾರಗಳಲ್ಲಿ ತೀರಿಕೊಂಡ. ಹೆಂಡತಿ ಆಲಿಸ್ ಎಂಜಿನಿಯರುಗಳನ್ನು ಇಟ್ಟುಕೊಂಡು ಕೆಲಸ ಮುಗಿಸಿದಳು. ಗಟ್ಟಿ ಹೆಂಗಸು, ಒಪ್ಪಲೇಬೇಕು. ಅವರಿಬ್ಬರ ಹೆಸರು ಉಳಿದಿದೆ, ಹಗ್ಗಕ್ಕೆ ಜೋತುಬಿದ್ದವರದು ಎಲ್ಲೂ ಇಲ್ಲ.

ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ (ಕಂಟೋನ್ಮೆಂಟ್) 1864ರಲ್ಲಿ ರೈಲು ತಂದ ಮದ್ರಾಸ್ ರೈಲ್ವೆಯೂ ಇಂಥದ್ದೇ ಬಡ್ಡಿ ಖಾತ್ರಿಯ ಕಂಪನಿ. ಮುಂದಿನ ಸಲ ಸುಮ್ನೆ ತೋಪಿನ ಲೆಕ್ಕ ಕೊಡುವ ಬದಲು ಈ ಲೆಕ್ಕವನ್ನೂ ಬರೆಸಿ.

– ಒಬ್ಬ ಓದುಗ, ಧಾರವಾಡ