ಒಂದು ಮ್ಯಾಚ್ ಸೋತ್ರೆ ವರ್ಷದ ಆಟ ಮುಗೀತು ಅನ್ನೋದು ನಿಲ್ಲಲಿ, ಮಕ್ಕಳಿಗೆ ಲೀಗ್ ಬೇಕು

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋದ ಹೈಸ್ಕೂಲ್ ಟೀಮು ಬೆಳಿಗ್ಗೆ ಮೊದಲ ಮ್ಯಾಚ್ ಸೋತ್ರೆ ಮಧ್ಯಾಹ್ನದ ಊಟಕ್ಕೆ ಮನೇಲಿರ್ತದೆ. ಆ ವರ್ಷದ ಆಟ ಅಲ್ಲಿಗೆ ಮುಗೀತು. ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ಹೋಗ್ತಾರೆ ಸರಿ, ಆದ್ರೆ ಸೋತ ಹುಡುಗರು ಎಷ್ಟು ಚೆನ್ನಾಗಿ ಆಡ್ತಾರೆ ಅಂತ ಯಾರಿಗೂ ಗೊತ್ತಾಗೋದೇ ಇಲ್ಲ, ಅವರಿಗೇ ಗೊತ್ತಾಗಲ್ಲ.

ಇದನ್ನ ಈಗ ಬರೀತಿರೋದಕ್ಕೆ ಕಾರಣ ಕೆನಡಾದ ಜೂನಿಯರ್ ಐಸ್ ಹಾಕಿ. ನಮ್ಮ ಅಕ್ಕನ ಮಗ ಅಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಲಸದಲ್ಲಿದಾನೆ, ಅವನಿಂದ ನನಗೂ ಈ ಹುಚ್ಚು ಹತ್ತಿ ಬಿಸಿಎಚ್‌ಎಲ್ (ಬ್ರಿಟಿಷ್ ಕೊಲಂಬಿಯಾ ಹಾಕಿ ಲೀಗ್) ಅನ್ನೋ ಲೀಗಿನ ಒಂದಿಡೀ ಸೀಸನ್ ಫಾಲೋ ಮಾಡಿದೆ, ಅಲ್ಲಿ ಶುಕ್ರವಾರ ರಾತ್ರಿ ಏಳು ಗಂಟೆ ಅಂದ್ರೆ ಆಗಿನ ಚಳಿಗಾಲದಲ್ಲಿ ನಮಗೆ ಶನಿವಾರ ಬೆಳಿಗ್ಗೆ ಎಂಟೂವರೆ ಆಗ್ತಿತ್ತು, ತಿಂಡಿ ತಿಂತಾ ನೋಡಬಹುದಿತ್ತು. ಆಡೋರೆಲ್ಲ 16ರಿಂದ 20 ವರ್ಷದವರು. ಸೆಪ್ಟೆಂಬರ್ ಕೊನೆಗೆ ಶುರುವಾದ್ರೆ ಮಾರ್ಚ್ ತನಕ ಒಂದೊಂದು ಟೀಮಿಗೆ 54 ಮ್ಯಾಚು, ಗೆದ್ರೆ ಎರಡು ಪಾಯಿಂಟ್, ಓವರ್‌ಟೈಮಲ್ಲಿ ಸೋತ್ರೂ ಒಂದು ಪಾಯಿಂಟ್. ಅದಾದ ಮೇಲೆ ಪ್ಲೇಆಫ್, ಅಲ್ಲೂ ಏಳು ಮ್ಯಾಚಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ.

ನನಗೆ ಅದರಲ್ಲಿ ಮನಸ್ಸಿಗೆ ನಾಟಿದ್ದು ಒಬ್ಬ ಗೋಲಿ, ಅಂದ್ರೆ ಗೋಲ್ ಕೀಪರ್ ಹುಡುಗ. ಒಂದು ರಾತ್ರಿ ಗೋಲ್ ಮೇಲೆ ಗೋಲ್ ಬಿಟ್ಟ, ಎರಡನೇ ಪೀರಿಯಡ್‌ನಲ್ಲಿ ಕೋಚ್ ಅವನನ್ನ ಹೊರಗೆ ಕೂರಿಸಿದ್ರು, ಹೆಲ್ಮೆಟ್ ತೆಗೆದು ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಬೆಂಚಿನ ತುದೀಲಿ ನಿಂತಿದ್ದ. ಮರುದಿನವೇ ಮತ್ತೊಂದು ಮ್ಯಾಚು, ಅದೇ ಹುಡುಗನ್ನೇ ನಿಲ್ಲಿಸಿದ್ರು, ಕೊನೇ ಎರಡು ನಿಮಿಷ ಎದುರಾಳಿಗಳು ತಮ್ಮ ಗೋಲಿಯನ್ನೂ ತೆಗೆದು ಬದಲಿಗೆ ಇನ್ನೊಬ್ಬ ಆಟಗಾರನನ್ನ ಇಳಿಸಿ ಆರು ಜನ ಮುಗಿಬಿದ್ರೂ ಒಂದೂ ಒಳಗೆ ಬಿಡಲಿಲ್ಲ. ನಮ್ಮಲ್ಲಿ ಆಗಿದ್ರೆ ಆ ಹುಡುಗನಿಗೆ ಮರುದಿನ ಅನ್ನೋದೇ ಇರ್ತಿರಲಿಲ್ಲ ಅಲ್ವಾ.

ಇನ್ನೊಂದು ವಿಷಯ ಇರೋ ಜಾಗದ್ದು. ದೂರದ ಊರಿಂದ ಬಂದ ಹುಡುಗರು ಅಲ್ಲಿ ಹಾಸ್ಟೆಲಲ್ಲಿ ಇರೋದಿಲ್ಲ, ಊರಿನ ಮನೆಗಳಲ್ಲೇ ಇರ್ತಾರೆ, ಬಿಲೆಟ್ ಫ್ಯಾಮಿಲಿ ಅಂತಾರೆ, ಊಟ ತಿಂಡಿ ಆ ಮನೇಲೇ, ಆ ಮನೆಯವರಿಗೆ ಖರ್ಚಿಗೆ ಅಂತ ಒಂದಿಷ್ಟು ದುಡ್ಡು ಕೊಡ್ತಾರೆ ಅಷ್ಟೇ. ಮನೇಲಿದ್ದ ಹುಡುಗ ಆಡ್ತಾನೆ ಅಂದ್ರೆ ಮನೆಯವರೆಲ್ಲ ಮ್ಯಾಚಿಗೆ ಹೋಗೇ ಹೋಗ್ತಾರೆ. ನಮ್ಮ ಮಲೆನಾಡಿಗೆ ಇದು ಹೊಸದೇನಲ್ಲ, ಹಿಂದೆ ಹಳ್ಳಿ ಹುಡುಗರು ತೀರ್ಥಹಳ್ಳಿ, ಸಾಗರದಲ್ಲಿ ನೆಂಟರ ಮನೇಲೋ ಪರಿಚಯದವರ ಮನೇಲೋ ಇದ್ದುಕೊಂಡೇ ಓದಿದ್ದು.

ಅಲ್ಲೂ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. 16, 17ರ ಹುಡುಗರನ್ನ ಬೇರೆ ಪ್ರಾಂತ್ಯದಿಂದ ಸೇರಿಸ್ಕೊಳ್ಳೋದಕ್ಕೆ ಹಾಕಿ ಕೆನಡಾ ಅನ್ನೋ ಅಲ್ಲಿನ ರಾಷ್ಟ್ರೀಯ ಸಂಸ್ಥೆ ರೂಲ್ಸ್ ಅಡ್ಡ ಬರ್ತಿತ್ತು, ಅದೂ ಇದೂ ಸೇರಿ 2023ರಲ್ಲಿ ಬಿಸಿಎಚ್‌ಎಲ್ ಆ ಸಂಸ್ಥೆಯಿಂದಲೇ ಹೊರಗೆ ಬಂದು ಸ್ವತಂತ್ರ ಲೀಗ್ ಆಯ್ತು. ಮುಂದಿನ ವರ್ಷ, 2024ರ ಶುರುವಿನಲ್ಲಿ, ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಲೀಗಿನ ಐದು ಕ್ಲಬ್ಬುಗಳು ಸೀಸನ್ ನಡುವಲ್ಲೇ ಅಲ್ಲಿಂದ ಎದ್ದು ಬಿಸಿಎಚ್‌ಎಲ್‌ಗೆ ಬಂದ್ವು, ಹಾಕಿದ್ದ ಟೈಮ್‌ಟೇಬಲ್ ಪೂರ್ತಿ ಅಸ್ತವ್ಯಸ್ತ. ಇನ್ನೊಂದು ಕಷ್ಟ ಏನಂದ್ರೆ ಸೆಪ್ಟೆಂಬರ್ 30 ಆದ ಮೇಲೆ ಸ್ವತಂತ್ರ ಲೀಗಲ್ಲಿ ಆಡಿದವನು ಆ ಸೀಸನ್ ಪೂರ್ತಿ ಹಾಕಿ ಕೆನಡಾ ಕಡೆ ವಾಪಸ್ ಹೋಗಿ ಆಡೋ ಹಾಗಿರಲಿಲ್ಲ, ರೂಲ್ಸ್ ಹಾಗಿತ್ತು. ಜಗಳ ದೊಡ್ಡವರದ್ದು, ಬಾಗಿಲು ಮುಚ್ಚಿದ್ದು 17ರ ಹುಡುಗನಿಗೆ, ಇದು ನನಗೆ ತುಂಬಾ ಬೇಜಾರಾಯ್ತು. ನಮ್ಮ ರಾಜ್ಯದಲ್ಲೂ ಒಂದೇ ಆಟಕ್ಕೆ ಎರಡು ಅಸೋಸಿಯೇಷನ್ ಆದಾಗ ಆ ಸರ್ಟಿಫಿಕೇಟ್ ನಡೆಯಲ್ಲ ಈ ಸರ್ಟಿಫಿಕೇಟ್ ನಡೆಯಲ್ಲ ಅಂತ ಕ್ರೀಡಾ ಕೋಟಾದ ಸೀಟಿಗೆ ಅಲೆದ ಅಪ್ಪ ಅಮ್ಮಂದಿರನ್ನ ನಾನೇ ನೋಡಿದೀನಿ.

ಐಸ್ ಹಾಕಿಗೆ ಎಲ್ಲಿಂದ ಬರ್ಬೇಕು ಇಲ್ಲಿ ಐಸು ಅಂತ ಕೇಳಬೇಡಿ, ನಾನು ಹೇಳ್ತಿರೋದು ಸೀಸನ್ ಬಗ್ಗೆ. ಲಡಾಖ್‌ನಲ್ಲಿ ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟೋದು ಚಳಿಗಾಲದ ಒಂದೆರಡು ತಿಂಗಳು, ಆ ಐಸ್ ಮೇಲೇ ಆಡಿ ಬೆಳೆದ ಹುಡುಗಿಯರೇ ಹೆಚ್ಚಿದ್ದ ನಮ್ಮ ಭಾರತ ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದು ಬಂತು. ನಮಗೆ ಅಷ್ಟು ಕಷ್ಟವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಫೀಲ್ಡೆಲ್ಲ ಕೆಸರು, ಒಪ್ತೀನಿ. ಆದ್ರೆ ನವೆಂಬರ್‌ನಿಂದ ಫೆಬ್ರವರಿ ತನಕ ಶಿವಮೊಗ್ಗ, ಭದ್ರಾವತಿ, ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲಾ ಕಡೆ ನೆಲ ಒಣಗಿರ್ತದೆ, ಹೊನಲು ಬೆಳಕಿನ ವಾಲಿಬಾಲ್ ಕಬಡ್ಡಿ ಪಂದ್ಯಾವಳಿಗಳು ಆಗೋದೂ ಆಗಲೇ, ಲೈಟು ಕಂಬ, ಮೈಕು, ದಾನಿಗಳು, ಚಾ ಮಾಡೋ ಹುಡುಗರು ಎಲ್ಲ ಇದ್ದಾರೆ. ಒಂದೇ ರಾತ್ರಿಗೆ ನಗದು ಬಹುಮಾನ ಅಂತ ಇಟ್ಟು ಹೊರಗಿನ ಪ್ಲೇಯರ್‌ಗಳನ್ನ ಕರೆಸಿ ಬೆಳಗಾಗೋದ್ರೊಳಗೆ ಮುಗಿಸೋ ಬದಲು ಅದೇ ದುಡ್ಡಲ್ಲಿ 18ರ ಒಳಗಿನ ಮಕ್ಕಳಿಗೆ ಪ್ರತಿ ಭಾನುವಾರ ಒಂದು ಮ್ಯಾಚ್ ಆಡಿಸಬಹುದು, ಎಂಟು ಟೀಮ್ ಇದ್ರೆ ಊರಲ್ಲೊಂದು ಹೊರಗೊಂದು ಅಂದ್ರೂ ತಲಾ 14 ಮ್ಯಾಚ್ ಸಿಗ್ತದೆ. ಹುಡುಗಿಯರ ಲೀಗೂ ಜೊತೇಲೇ ಶುರುವಾಗ್ಬೇಕು, ಆಮೇಲೆ ನೋಡೋಣ ಅಂದ್ರೆ ಅದು ಆಗೋದೇ ಇಲ್ಲ.

ಕ್ಲಬ್ಬಿನವರೇ ಸೇರಿ ಮಾಡ್ಲಿ, ಆದ್ರೆ ಈ ಲೀಗಲ್ಲಿ ಆಡಿದ ಮಗುವನ್ನ ಶಾಲಾ ಕ್ರೀಡಾಕೂಟದಿಂದಾಗ್ಲಿ ಜಿಲ್ಲಾ ಆಯ್ಕೆಯಿಂದಾಗ್ಲಿ ಯಾರೂ ತಡೆಯೋದಿಲ್ಲ ಅಂತ ಅಸೋಸಿಯೇಷನ್, ಕ್ರೀಡಾ ಇಲಾಖೆ ಇಬ್ಬರ ಹತ್ರನೂ ಮೊದಲೇ ಬರೆಸ್ಕೊಂಡು ಸಹಿ ಹಾಕಿಸ್ಕೊಳ್ಳಿ. ಪತ್ರಿಕೆಯವರಾದ ನಿಮ್ಮ ಹತ್ರ ಒಂದೇ ಕೇಳೋದು, ಹಾಗೊಂದು ಲೀಗ್ ಶುರುವಾದ್ರೆ ಸೋಮವಾರದ ಜಿಲ್ಲಾ ಪುಟದಲ್ಲಿ ಅದರ ಪಾಯಿಂಟ್ಸ್ ಟೇಬಲ್ ಹಾಕಿ, ಕೊನೇ ಸ್ಥಾನದಲ್ಲಿರೋ ಟೀಮಿನ ಹೆಸರೂ ಬಿಡದೆ.

ಇಂತಿ,
ಒಬ್ಬ ಓದುಗ, ತೀರ್ಥಹಳ್ಳಿ